ಬೆನ್ನು ತಿರುಗಿಸಿ ಬೇಯಿಸಿದ ರೊಟ್ಟಿ

ನಮ್ಮ ಭಾವ ಜಯದೇವಪ್ಪನವರಿಗೆ ಸಕ್ಕರೆ ಕಾಯಿಲೆ ಬಂದಿದೆ ಎಂದು ಡಾಕ್ಟರಿಗಿಂತ ಮೊದಲು ಹೇಳಿದ್ದು ಇರುವೆಗಳು. ರಾತ್ರಿ ಅವರು ಬಚ್ಚಲ ಹಿಂದೆ ಹೋಗಿ ನಿಲ್ಲುತ್ತಿದ್ದ ಕಲ್ಲಿನ ಮೇಲೆ ಬೆಳಿಗ್ಗೆ ನೋಡಿದರೆ ಇರುವೆಗಳ ಜಾತ್ರೆ. ಅವರ ಹೆಂಡತಿ ಸಾವಿತ್ರಮ್ಮ ನನಗೆ ಓರಗಿತ್ತಿ, ನಾನು ಕರೆಯುವುದು ಅಕ್ಕ ಎಂದು. ನಾನು ಆ ಮನೆಯ ಕಿರಿ ಸೊಸೆ ವಿಮಲ. ಅಕ್ಕ ನನ್ನನ್ನು ಕರೆದುಕೊಂಡು ಹೋಗಿ ಆ ಕಲ್ಲನ್ನು ತೋರಿಸಿ, "ನೋಡೇ, ನಿಮ್ಮ ಭಾವ ಬೆಲ್ಲದ ಅಚ್ಚಾಗಿದ್ದಾರೆ" ಎಂದಳು. ನನಗೆ ನಗು ಬಂತು. ಅಕ್ಕ ನಗಲಿಲ್ಲ.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು ಇದು. ಮಲ್ಲಂದೂರಿನ ಹತ್ತಿರ ನಮ್ಮ ಕಾಫಿ ತೋಟ. ಆ ವರ್ಷದ ಕೊಯ್ಲಿನಲ್ಲಿ ಭಾವನವರ ಕಾಲ್ಬೆರಳಿಗೆ ಕಿತ್ತಳೆ ಮುಳ್ಳು ಚುಚ್ಚಿತ್ತು. ಸಿಪ್ಪೆ ಸುಲಿದ ಪಾರ್ಚ್‌ಮೆಂಟ್ ಕಾಫಿ ಬೀಜ ಒಣಗಿ, ಗಾಡಿಯೇರಿ ಚಿಕ್ಕಮಗಳೂರಿಗೆ ಹೋದರೂ ಆ ಗಾಯ ಒಣಗಲಿಲ್ಲ. ಕೊನೆಗೆ ಕಾಫಿಯ ಹಿಂದೆಯೇ ಭಾವನವರೂ ಗಾಡಿಯೇರಿದರು. ಅಲ್ಲಿನ ಡಾಕ್ಟರು ಗಾಯ ನೋಡಿ, ಕಲ್ಲಿನ ಸಮಾಚಾರವನ್ನೂ ಕೇಳಿ, ಅಕ್ಕನಿಗೇ ನೇರವಾಗಿ ಹೇಳಿದರಂತೆ: ಅಕ್ಕಿ, ರಾಗಿ, ಗೋಧಿ, ಜೋಳ, ಯಾವ ಧಾನ್ಯವೂ ಕೂಡದು. ಬೆಲ್ಲದ ಮಾತೇ ಬೇಡ. ಮಾತು ಕೇಳದಿದ್ದರೆ ಮೊದಲು ಬೆರಳು ತೆಗೆಯಬೇಕು, ಆಮೇಲೆ ಪಾದ.

ಅಕ್ಕಿ ರೊಟ್ಟಿಯಿಲ್ಲದೆ ಬೆಳಕೇ ಹರಿಯದ ಮನುಷ್ಯನಿಗೆ ಇದನ್ನು ಹೇಳಿದರೆ ಏನಾಗುತ್ತದೆ? ಎರಡು ದಿನ ಸೊಪ್ಪಿನ ಪಲ್ಯವನ್ನು ಎಮ್ಮೆಯ ಹಾಗೆ ಮೆಲುಕು ಹಾಕಿದರು. ಮೂರನೆಯ ದಿನ ಗೂಟಕ್ಕೆ ನೇತುಹಾಕಿದ್ದ ಅವರ ರುಮಾಲಿಗೆ ಇರುವೆ ಹತ್ತಿತ್ತು. ಬಿಚ್ಚಿ ನೋಡಿದರೆ ಒಳಗೆ ತುಪ್ಪ ಸವರಿದ ಅಕ್ಕಿ ರೊಟ್ಟಿ, ಜೊತೆಗೊಂದು ಬೆಲ್ಲದ ಚೂರು, ಬೆಚ್ಚಗೆ ಮುದುಡಿ ಮಲಗಿದ್ದವು. ಊರ ಪಂಚಾಯಿತಿ ಮಾಡುವ ಯಜಮಾನರು ಕದ್ದ ರೊಟ್ಟಿ ತಲೆಯ ಮೇಲೆ ಹೊತ್ತುಕೊಂಡು ತೋಟ ಸುತ್ತುತ್ತಿದ್ದರು! ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಕ್ಕ ಮಾತ್ರ ರುಮಾಲನ್ನು ಹಿಡಿದುಕೊಂಡು ಅತ್ತುಬಿಟ್ಟಳು. "ಇವರು ಕುಂಟ್ಕೊಂಡು ಬರೋದನ್ನ ನಾನು ನೋಡ್ಲಾರೆ ವಿಮಲಾ" ಎಂದಳು.

ಆಗ ನೆನಪಾದವನು ಗುರುವಯ್ಯ. ಪಕ್ಕದ ಎಸ್ಟೇಟಿನ ಬಂಗಲೆಯಲ್ಲಿ ಅಡುಗೆ ಮಾಡುತ್ತಿದ್ದವನು. ಅಲ್ಲಿದ್ದ ಬಿಳಿ ದೊರೆಗೂ ಇದೇ ಕಾಯಿಲೆಯಿತ್ತು. ಆತನಿಗೆ ಧಾನ್ಯವೇ ಇಲ್ಲದ ಬ್ರೆಡ್ಡು ಮಾಡಿಕೊಡುತ್ತಿದ್ದೆ ಎಂದು ಗುರುವಯ್ಯ ಊರೆಲ್ಲ ಹೇಳಿಕೊಂಡಿದ್ದ. ದೊರೆ ಹಡಗು ಹತ್ತಿ ತನ್ನ ದೇಶಕ್ಕೆ ಹೋದ ಮೇಲೆ ಗುರುವಯ್ಯನಿಗೆ ಹೇಳಿಕೊಳ್ಳುವುದನ್ನು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಭಾವನವರೂ ಆ ದೊರೆಯ ಬಂಗಲೆಗೆ ವಾರಕ್ಕೊಮ್ಮೆ ಕಾಫಿ ವಿಚಾರ ಮಾತಾಡಲು ಹೋಗುತ್ತಿದ್ದರು. "ಅಲ್ಲಿ ಬಾಳೆಹಣ್ಣು ಬಿಟ್ಟು ಇನ್ನೊಂದು ಮುಟ್ಟಲ್ಲ" ಎಂದು ಪ್ರತಿ ಸಲವೂ, ಯಾರೂ ಕೇಳದಿದ್ದರೂ, ಹೇಳುತ್ತಿದ್ದರು.

ಅಕ್ಕ ಗುರುವಯ್ಯನನ್ನು ಕಣದ ಅಂಚಿಗೆ ಕರೆಸಿದಳು.

"ಭಾಳ ಸುಲಭ ಅಮ್ಮಾರೆ. ಹಾಲು ಹಿಂಡಿದ ಕಾಯಿತುರಿ ಒಣಗಿಸಿ ಪುಡಿ ಮಾಡೋದು. ಎಣ್ಣೆ ತೆಗ್ದ ಕಡ್ಲೆಕಾಯಿ ಹಿಂಡಿ ಕುಟ್ಟಿ ಸೇರ್ಸೋದು. ಮಜ್ಜಿಗೆ, ಉಪ್ಪು, ಒಂಚೂರು ಸೋಡಾ..." ಎನ್ನುತ್ತಾ ಬಂದವನು ತಡೆದು ತಲೆ ಕೆರೆದುಕೊಂಡ.

"ಇನ್ನೇನು? ಹೇಳು ಮಾರಾಯ."

"ಮತ್ತೆ... ಅದು ಅಂಟ್ಕೊಂಡು ನಿಲ್ಬೇಕಲ್ಲ. ಅದಕ್ಕೆ ನಾಲ್ಕು ಕೋಳಿ ಮೊಟ್ಟೆ."

ಅಕ್ಕ ಎರಡೂ ಕಿವಿ ಮುಚ್ಚಿಕೊಂಡಳು. ನಮ್ಮದು ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದ ಮನೆ. ಮೊಟ್ಟೆ ಎಂಬ ಮಾತನ್ನು ಆಡಿದರೂ ಬಾಯಿ ಮುಕ್ಕಳಿಸಬೇಕು. ಅಕ್ಕ ನಿಧಾನವಾಗಿ ಕಿವಿಯಿಂದ ಕೈ ತೆಗೆದಳು. ಆಮೇಲೆ ನನ್ನ ಕಡೆ ತಿರುಗಿ, "ಜಾತಿ ಹೋದ್ರೆ ಪ್ರಾಯಶ್ಚಿತ್ತ ಉಂಟು. ಕಾಲು ಹೋದ್ರೆ?" ಎಂದು ಕೇಳಿದಳು.

ಅವತ್ತಿನಿಂದ ನಮ್ಮ ಗೋಡೌನಿನ ಹಿಂದೆ ಹೊಸ ಅಡುಗೆಮನೆ ಶುರುವಾಯಿತು. ಮೂರು ಕಲ್ಲಿನ ಒಲೆ, ಒಂದು ಕಬ್ಬಿಣದ ಬಾಣಲೆ, ಅದರಲ್ಲಿ ಬಿಸಿ ಮರಳು, ಮರಳಿನ ಮೇಲೆ ಹಿಟ್ಟಿನ ಪಾತ್ರೆ, ಪಾತ್ರೆಯ ಮುಚ್ಚಳದ ಮೇಲೆ ಕೆಂಡ. ಈ ಪಾತ್ರೆಗಳು ಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಎಮ್ಮೆಯ ಮೇವಿನ ಬಾನಿಗೆ ಹೋಗುತ್ತಿದ್ದ ಹಿಂಡಿ ಯಜಮಾನರ ಪಾಲಾಯಿತು. ಎಮ್ಮೆ ನಮ್ಮನ್ನು ದುರುಗುಟ್ಟಿ ನೋಡುತ್ತಿತ್ತು. ಮೊಟ್ಟೆಗೆ ಗುರುವಯ್ಯನ ಹೆಂಡತಿ ಗಿಡ್ಡಮ್ಮನೇ ದಿಕ್ಕು, ಅವಳ ಮನೆಯಲ್ಲಿ ಕೋಳಿಗಳಿದ್ದವು. ಅಕ್ಕ ಅವಳಿಗೆ ಅಕ್ಕಿ ಅಳೆದು ಕೊಡುವುದು, ಅವಳು ಕೆಸುವಿನ ಎಲೆ ಮುಚ್ಚಿದ ಬುಟ್ಟಿ ತಂದು ತೋರಿಸುವುದು, ನಾವಿಬ್ಬರೂ ಮುಖ ಆ ಕಡೆ ಮಾಡಿ "ಆಯ್ತು, ಆಯ್ತು, ಒಯ್ಯಿ" ಎನ್ನುವುದು. ಗುರುವಯ್ಯ ಹಿಟ್ಟು ಕಲಸುವಾಗ ನಾವು ಅವನಿಗೆ ಬೆನ್ನು ಹಾಕಿ, ಕಾಫಿ ಗಿಡಗಳ ಕಡೆ ಮುಖ ಮಾಡಿ ಕೂರುತ್ತಿದ್ದೆವು. ಹಿಂದಿನಿಂದ ಟಕ್ ಎಂದು ಸದ್ದು ಬರುತ್ತಿತ್ತು. ಒಂದೊಂದು ಟಕ್ಕಿಗೂ ಅಕ್ಕ ಒಂದೊಂದು "ಶಿವಶಿವಾ" ಅನ್ನುತ್ತಿದ್ದಳು.

ರೊಟ್ಟಿಯನ್ನು ಒಳಗೆ ತರುವಂತಿಲ್ಲವಲ್ಲ, ಅದಕ್ಕೂ ಅಕ್ಕ ಉಪಾಯ ಹುಡುಕಿದಳು. "ಇದನ್ನ ಗಾಳಿಗೆ ಕೂತು ತಿನ್ಬೇಕಂತೆ, ಡಾಕ್ಟರು ಹೇಳಿದಾರೆ" ಎಂದು ಜಗಲಿಯಲ್ಲಿ ಬಾಳೆ ಎಲೆ ಹಾಕಿದಳು. ಭಾವನವರು ಒಂದು ತುಂಡು ಮುರಿದು ಬಾಯಿಗಿಟ್ಟರು. ಅಗಿದರು. ಇನ್ನೂ ಅಗಿದರು. ಅಕ್ಕ ಸೆರಗು ಹಿಂಡುತ್ತಾ ಎದುರಿಗೇ ನಿಂತಿದ್ದಳು. ಭಾವನವರು ಅವಳ ಮುಖ ನೋಡಿ, ನುಂಗಿ, "ಭೇಷ್!" ಎಂದರು.

ದಿನವೂ ಅದೇ ಭೇಷ್. ಎಲೆಯ ಮೇಲೆ ಹಾಕಿದ್ದಷ್ಟನ್ನು ಮುಗಿಸಿ ಏಳುತ್ತಿದ್ದರು. ಇನ್ನೊಂದು ತುಂಡು ಬೇಕು ಎಂದು ಮಾತ್ರ ಒಂದು ದಿನವೂ ಕೇಳಲಿಲ್ಲ. ಅಕ್ಕ ಅದನ್ನು ಗಮನಿಸಲಿಲ್ಲ. ಬಡಿಸಿ, ಸ್ನಾನ ಮಾಡಿ, ಆಮೇಲೆ ಒಳಗೆ ಬರುತ್ತಿದ್ದಳು. ಗಂಡನಿಗೆ ತಿಳಿಯದಂತೆ ಮೊಟ್ಟೆ ತಿನ್ನಿಸಿದ ಪಾಪಕ್ಕೆ ಸೋಮವಾರ ಸೋಮವಾರ ಹನಿ ನೀರೂ ಮುಟ್ಟದೆ ಉಪವಾಸ ಹಿಡಿದಳು. ಬೆಳಿಗ್ಗೆ ಎದ್ದ ತಕ್ಷಣ ಬಚ್ಚಲ ಹಿಂದಿನ ಕಲ್ಲು ನೋಡಿ ಬರುತ್ತಿದ್ದಳು. ಇರುವೆಗಳ ಸಾಲು ತೆಳ್ಳಗಾಯಿತು, ಮುರಿಯಿತು, ಒಂದು ದಿನ ಕಲ್ಲು ಬರಿದಾಗಿತ್ತು. ಕಾಫಿ ಮೊಗ್ಗು ಕಟ್ಟುವ ಹೊತ್ತಿಗೆ ಗಾಯಕ್ಕೆ ಚರ್ಮ ಕೂಡಿಕೊಂಡಿತು. ಅಕ್ಕ ಆ ಬೆರಳನ್ನು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ.

ಇಷ್ಟಕ್ಕೇ ನಿಂತಿದ್ದರೆ ಎಲ್ಲರೂ ಕ್ಷೇಮ. ಆದರೆ ಭಾವನವರ ಬಾಯಿ ಸುಮ್ಮನಿರಬೇಕಲ್ಲ? ನಮ್ಮ ಮನೆಯಲ್ಲಿ ಧಾನ್ಯವಿಲ್ಲದ ರೊಟ್ಟಿ ಮಾಡುತ್ತಾರೆ, ನಮ್ಮ ಸಾವಿತ್ರಿಯ ಕೈಯೆಂದರೆ ಕೈ ಎಂದು ಕಂಡಕಂಡಲ್ಲಿ ಹೊಗಳಿದರು. ಆ ಹೊಗಳಿಕೆ ಬಣಕಲ್ ದಾಟಿ, ನಮ್ಮ ಮನೆತನದ ಗುರುಗಳಾದ ಅಯ್ನೋರು ಓಂಕಾರಮೂರ್ತಿಗಳ ಕಿವಿಗೂ ಬಿತ್ತು.

ಅಯ್ನೋರು ವರ್ಷಕ್ಕೊಮ್ಮೆ ಪಾದಪೂಜೆಗೆ ಬರುವವರು. ಆ ಸಲ ಬಂದದ್ದು ಸೋಮವಾರ. ಪೂಜೆ ಮುಗಿದು ನಾವು ಎಲೆ ಹಾಕಲು ಹೊರಟರೆ ಕೈ ಅಡ್ಡ ಹಿಡಿದರು.

"ಇವತ್ತು ನಾನು ಧಾನ್ಯ ಮುಟ್ಟಲ್ಲ ತಾಯಿ, ಉಪವಾಸ. ಅದೇನೋ ಧಾನ್ಯ ಇಲ್ಲದ ರೊಟ್ಟಿ ಮಾಡ್ತೀರಂತಲ್ಲ, ಅದೇ ಒಂದು ತುಂಡು ಕೊಡಿ. ಉಪವಾಸಕ್ಕೂ ಆಗ್ತದೆ, ನಿಮ್ಮ ಕೈರುಚಿ ನೋಡಿದ ಹಾಗೂ ಆಗ್ತದೆ."

ರೊಟ್ಟಿ ಮುಗಿದುಹೋಗಿದೆ ಎನ್ನೋಣವೆಂದರೆ, ಅದೇ ಗಳಿಗೆಯಲ್ಲಿ ಗುರುವಯ್ಯ ಬಿಸಿ ರೊಟ್ಟಿಯನ್ನು ಬಾಳೆ ಎಲೆಯಲ್ಲಿ ಸುತ್ತಿಕೊಂಡು ಅಂಗಳಕ್ಕೆ ಬಂದು ನಿಂತಿದ್ದ. ಭಾವನವರು ತಾವೇ ಇಳಿದು ಹೋಗಿ ಅದನ್ನು ಇಸಿದುಕೊಂಡು ಅಯ್ನೋರ ಮುಂದಿಟ್ಟರು.

ಅಕ್ಕ ಏನು ಮಾಡಬೇಕು? ಸುಮ್ಮನಿದ್ದರೆ ಗುರುವಿನ ಬಾಯಿಗೆ ಮೊಟ್ಟೆ ಹೋಗುತ್ತದೆ. ಆ ಪಾಪಕ್ಕೆ ಏಳು ಜನ್ಮದ ಸೋಮವಾರಗಳೂ ಸಾಲವು. ಬಾಯಿ ಬಿಟ್ಟರೆ ಗಂಡ ನಾಳೆಯಿಂದ ಈ ರೊಟ್ಟಿ ಮುಟ್ಟುವುದಿಲ್ಲ, ರುಮಾಲಿನಲ್ಲಿ ಮತ್ತೆ ಅಕ್ಕಿ ರೊಟ್ಟಿ, ಕಲ್ಲಿನ ಮೇಲೆ ಮತ್ತೆ ಇರುವೆ, ಆಮೇಲೆ ಡಾಕ್ಟರ ಕತ್ತಿ. ಅಯ್ನೋರು ತುಂಡು ಮುರಿದು ಕೈಯೆತ್ತಿದರು.

"ಬೇಡ ಬುದ್ಧೀ!" ಅಕ್ಕ ಅವರ ಕಾಲಿಗೆ ಬಿದ್ದಳು. "ತಪ್ಪಾಯ್ತು. ಅದರಲ್ಲಿ ಮೊಟ್ಟೆ ಉಂಟು. ಇವರಿಗೆ ಗೊತ್ತಿಲ್ಲ. ಕಾಲು ಉಳೀಲಿ ಅಂತ ನಾನೇ ಹಾಕಿಸ್ದೆ. ಶಿಕ್ಷೆ ಏನಿದ್ರೂ ನನಗೆ ಕೊಡಿ."

ಭಾವನವರು ಎದ್ದು ನಿಂತು, ಹೆಂಡತಿಯನ್ನು ಕಾಪಾಡುವ ಅವಸರದಲ್ಲಿ, ಇಡೀ ಅಂಗಳಕ್ಕೆ ಕೇಳುವಂತೆ ಕೂಗಿದರು.

"ಏಳೇ ಸಾವಿತ್ರಿ, ಹುಚ್ಚಿ! ಇದರಲ್ಲಿ ಎಲ್ಲಿದೆ ಮೊಟ್ಟೆ? ಮೊಟ್ಟೆ ಹಾಕಿದ್ರೆ ಇದು ಹೀಗೆ ಮರದ ಹೊಟ್ಟಿನ ಹಾಗೆ ಇರ್ತಿತ್ತಾ? ದೊರೆ ಬಂಗ್ಲೆದು ಹೆಂಗಿತ್ತು, ಬಾಯಿಗಿಟ್ರೆ ಕರಗ್ತಿತ್ತು!"

ಆಡಿದ ಮಾತು ಅವರಿಗೆ ತಿಳಿದದ್ದು ಆಡಿ ಆದ ಮೇಲೆ. ಅಯ್ನೋರು ನಿಧಾನವಾಗಿ ಅವರ ಕಡೆ ತಿರುಗಿದರು. ನಾನೂ ತಿರುಗಿದೆ. ನೆಲದಲ್ಲಿ ಬಿದ್ದಿದ್ದ ಅಕ್ಕನೂ ತಲೆಯೆತ್ತಿದಳು. ಬಾಳೆಹಣ್ಣಂತೆ, ಬಾಳೆಹಣ್ಣು!

ಭಾವನವರು ತಪ್ಪಿಸಿಕೊಳ್ಳಲು ಗುರುವಯ್ಯನನ್ನು ಹಿಡಿದರು. "ಏಯ್, ಹೇಳೋ. ಹಾಕಿದ್ಯೋ ಇಲ್ವೋ?"

ಗುರುವಯ್ಯ ಹೆಗಲ ಮೇಲಿನ ಟವೆಲು ಕೈಗೆ ತೆಗೆದುಕೊಂಡ. "ಇಲ್ಲ ಸಾವ್ಕಾರ್ರೆ. ನಿಮ್ಮ ಮನೆ ಅನ್ನ ತಿಂದು ನಿಮ್ಮ ಜಾತಿ ಕೆಡಿಸಿದ್ರೆ ನಾನು ಯಾವ ನರಕಕ್ಕೆ ಹೋಗ್ಲಿ? ಕಡೂರು ಕಡೆಯಿಂದ ಬರೋ ಅಗಸೆ ಬೀಜ ಇದ್ಯಲ್ಲ, ಅದನ್ನ ಕುಟ್ಟಿ ನೆನೆಹಾಕಿದ್ರೆ ಅದೂ ಲೋಳೆ ಲೋಳೆ ಆಗ್ತದೆ. ಅದನ್ನೇ ಹಾಕಿದ್ದು."

"ಹಾಗಾದ್ರೆ ಆ ಟಕ್ ಸದ್ದು?" ಎಂದೆ ನಾನು.

"ತೆಂಗಿನ ಚಿಪ್ಪು ಅಮ್ಮಾರೆ. ಕಲ್ಲಿಗೆ ಕುಟ್ತಿದ್ದೆ. ನೀವು ಶಿವನಾಮ ಹೇಳೋಕೆ ಕಾಯ್ತಿದ್ರಲ್ಲ."

"ಮೊಟ್ಟೆಗಳು?" ಎಂದಳು ಅಕ್ಕ.

ಗುರುವಯ್ಯ ನೆಲ ನೋಡಿದ. ನಾವು ಅಳೆದು ಕೊಟ್ಟ ಅಕ್ಕಿಯೂ ಅವರ ಮನೆಗೆ, ಗಿಡ್ಡಮ್ಮನ ಮೊಟ್ಟೆಯೂ ಅವರ ಮನೆಗೆ! ಆಮೇಲಾಮೇಲೆ ಆ ಕೆಸುವಿನೆಲೆಯ ಕೆಳಗೆ ಮೊಟ್ಟೆಯೇ ಇರುತ್ತಿರಲಿಲ್ಲವಂತೆ, ಅಡಿಕೆ ಸಿಪ್ಪೆ ತುಂಬಿ ತರುತ್ತಿದ್ದಳಂತೆ. ಮುಖ ತಿರುಗಿಸಿಕೊಳ್ಳುವವರಿಗೆ ಏನು ತೋರಿಸಿದರೇನು? ನಮ್ಮ ಮಡಿಯ ಮೇಲೆ ಅವರ ಮನೆಯ ಒಲೆ ಚೆನ್ನಾಗಿ ಉರಿದಿತ್ತು. ನನಗೆ ಅವನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು, ಕಾಲಿಗೂ ಬೀಳಬೇಕು ಅನ್ನಿಸಿತು.

ಅಯ್ನೋರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಸರಿ ಬಿಡಿ, ದೋಷ ಇಲ್ಲ" ಎಂದು ತುಂಡನ್ನು ಬಾಯಿಗಿಟ್ಟರು. ಅಗಿದರು. ಬಹಳ ಹೊತ್ತು ಅಗಿದರು. ನೀರು ತರಿಸಿ ಕುಡಿದರು. "ಜಯದೇವಪ್ಪಾ, ಇದಕ್ಕಿಂತ ಬರೀ ಉಪವಾಸವೇ ವಾಸಿ ಕಣಪ್ಪ" ಎಂದು ಎಲೆ ಮಡಿಸಿದರು. ದೊರೆಯ ಬಂಗಲೆಯ ಪಾಪಕ್ಕೆ ಭಾವನವರ ಹಣೆಗೆ ವಿಭೂತಿ ಬಳಿದು, ಅಕ್ಕ ಹಿಡಿದಿದ್ದ ಸೋಮವಾರಗಳನ್ನೆಲ್ಲ ಅವರ ತಲೆಗೆ ಕಟ್ಟಿ ಹೊರಟರು.

ಎಲ್ಲರೂ ಹೋದ ಮೇಲೆ ಅಕ್ಕ ಜಗಲಿಯಲ್ಲಿ ಕುಳಿತು ಉಳಿದ ರೊಟ್ಟಿಯಿಂದ ಒಂದು ಚೂರು ಮುರಿದಳು. ದಿನವೂ ಎದುರಿಗೆ ನಿಂತು ತಿನ್ನಿಸಿದ್ದನ್ನು ಅವಳು ಮೊದಲ ಸಲ ಬಾಯಿಗಿಡುತ್ತಿದ್ದಳು. ಎರಡು ಸಲ ಅಗಿದವಳೇ ಅಂಗಳಕ್ಕೆ ಉಗಿದಳು.

"ಥೂ! ಇದನ್ನಾ ನೀವು ದಿನಾ ಭೇಷ್ ಅಂತಿದ್ದಿದ್ದು?"

ಭಾವನವರು ಕಂಬಕ್ಕೆ ಒರಗಿ ಕಾಲ್ಬೆರಳನ್ನು ನೋಡಿಕೊಳ್ಳುತ್ತಿದ್ದರು. "ನೀನು ಎದುರಿಗೇ ನಿಂತಿರ್ತಿದ್ಯಲ್ಲೇ" ಎಂದರು.

ಅಕ್ಕ ಒಳಗೆ ಹೋಗಿ ಒಲೆಯ ಮುಂದೆ ಕುಳಿತಳು. ಅವಳ ಕಣ್ಣು ಒದ್ದೆಯಾಗಿತ್ತು, ಹೊಗೆಯೇನೂ ಇರಲಿಲ್ಲ.

ಮಾರನೆಯ ದಿನ ಗುರುವಯ್ಯ ಹೆದರುತ್ತಲೇ ಬಂದು ಗೋಡೌನಿನ ಹಿಂದೆ ಕುಳಿತ. ಇನ್ನು ಮುಚ್ಚುಮರೆ ಏನಿದೆ, ಅಗಸೆ ಕಲಸುವುದನ್ನು ನೋಡೋಣವೆಂದು ನಾನು ಅವನ ಎದುರಿಗೇ ಕೂತೆ. ಅಕ್ಕ ನನ್ನ ತೋಳು ಹಿಡಿದು ತಿರುಗಿಸಿದಳು.

"ಗುರುವಯ್ಯ, ಬಾಯಿಗಿಡೋ ಹಾಗೆ ಮಾಡು. ಹೆಂಗೆ ಮಾಡ್ತೀಯೋ ನಮಗೆ ಗೊತ್ತಿಲ್ಲ. ನಾವು ಈ ಕಡೆ ತಿರುಗಿ ಕೂತಿರ್ತೀವಿ."

ಕಾಫಿ ಗಿಡಗಳ ತುಂಬ ಬಿಳಿ ಹೂ. ನಾವಿಬ್ಬರೂ ಅದನ್ನೇ ನೋಡುತ್ತಾ ಕುಳಿತೆವು. ಗುರುವಯ್ಯ ಕೂಲಿ ಲೈನಿನ ತನ್ನ ಮನೆ ಕಡೆ ಹೋಗಿ ಬಂದ ಹೆಜ್ಜೆ ಸದ್ದು ಕೇಳಿತು. ಆಮೇಲೆ ಟಕ್ ಎಂದಿತು. ಚಿಪ್ಪಿನ ಸದ್ದಲ್ಲ, ಅದಕ್ಕಿಂತ ಮೆತ್ತಗೆ. ಅಕ್ಕ ಶಿವಶಿವಾ ಅನ್ನಲಿಲ್ಲ, ನಾನೂ ಅನ್ನಲಿಲ್ಲ.

ಅವತ್ತು ಭಾವನವರು ಮೊದಲ ತುತ್ತಿಗೇ ಅಗಿಯುವುದನ್ನು ನಿಲ್ಲಿಸಿದರು. ಹೆಂಡತಿಯ ಕಡೆ ನೋಡಿದರು. ಅಕ್ಕ ಕಣದಲ್ಲಿ ಅದೇನೋ ಕಂಡವಳಂತೆ ಬೆನ್ನು ತಿರುಗಿಸಿ ನಿಂತಿದ್ದಳು. ಅವರು ಭೇಷ್ ಅನ್ನಲಿಲ್ಲ. ಎಲೆ ಖಾಲಿ ಮಾಡಿ, ಇನ್ನೊಂದು ತುಂಡು ಹಾಕು ಎಂದರು.