ಮೊಳೆಗೆ ಹಾಕಿದ ರಿಂಗು

ಕನಕಪುರದ ಪೀರ್ ಸಾಬ್ ಗ್ಯಾರೇಜಿನ ಗೋಡೆಯಲ್ಲಿ, ಕ್ಯಾಲೆಂಡರಿನ ಪಕ್ಕದ ಮೊಳೆಗೆ ಒಂದು ಹಳೇ ಪಿಸ್ಟನ್ ರಿಂಗು ನೇತಾಡುತ್ತಿತ್ತು. ಅದು ಅಲ್ಲಿನ ಮೆಕ್ಯಾನಿಕ್ ನಟರಾಜುವಿನದು. ಹನ್ನೊಂದು ವರ್ಷದ ಹಿಂದೆ ಅವನು ಒಂದು ಜೀಪಿನ ಎಂಜಿನ್ನಿಗೆ ಆ ರಿಂಗನ್ನು ತಲೆಕೆಳಗು ಹಾಕಿದ್ದ. ಬೇರೆ ಕಡೆಯಾಗಿದ್ದರೆ ನಾಲ್ಕು ಬೈಗುಳಕ್ಕೆ ಮುಗಿದುಹೋಗುತ್ತಿತ್ತು. ಇಲ್ಲಿ ತಪ್ಪು ಮಾಡಿದವನ ರಿಂಗನ್ನು ಮೊಳೆಗೆ ಹಾಕುವುದು, ಬಂದವರಿಗೆಲ್ಲ ಅದರ ಕತೆ ಹೇಳುವುದು ಪದ್ಧತಿ. ಆ ಪದ್ಧತಿ ತಂದವನು ಮೇಸ್ತ್ರಿ ಲಕ್ಷ್ಮಯ್ಯ. ಬೇರೆಯವರು ಕೆಲಸ ಬಿಟ್ಟು ಹೋದಾಗ ಅವರವರ ರಿಂಗುಗಳು ಗುಜರಿ ಸೇರಿದವು. ನಟರಾಜು ಬಿಡಲಿಲ್ಲ, ಅವನದು ಅಲ್ಲೇ ಉಳಿಯಿತು.

ಲಕ್ಷ್ಮಯ್ಯ ಕತೆ ಹೇಳುವುದರಲ್ಲಿ ಗಟ್ಟಿಗ. ರಿಪೇರಿಗೆ ಬಂದವರಿಗೆ ಹೇಳಿದ, ಚಹಾದವನಿಗೆ ಹೇಳಿದ. ಕಲ್ಯ ಎಂಬ ಊರಿನಿಂದ ಹೆಣ್ಣಿನ ಕಡೆಯವರು ನಟರಾಜು ಹೇಗೆ ಎಂದು ವಿಚಾರಿಸಲು ಬಂದರೆ ಅವರಿಗೂ, ಮೇಲು ಕೆಳಗು ತಿಳಿಯದ ಗಂಡು ಎಂದು ನಗುನಗುತ್ತಾ ಹೇಳಿಬಿಟ್ಟ. ಅವರೂ ನಕ್ಕು, ಚಹಾ ಕುಡಿದು ಹೋದರು. ಮತ್ತೆ ಬರಲಿಲ್ಲ. ಅವತ್ತಿನಿಂದ ನಟರಾಜುವಿಗೆ ಮೇಸ್ತ್ರಿಯ ಕೆಮ್ಮು ಕೇಳಿದರೂ ಮೈ ಉರಿಯುತ್ತಿತ್ತು.

ಎರಡು ಸಾವಿರದ ಆರರಲ್ಲಿ ರಸ್ತೆ ಅಗಲ ಮಾಡುವವರು ಬಂದು ಗ್ಯಾರೇಜಿನ ಗೋಡೆಗೆ ಕೆಂಪು ಗೆರೆ ಎಳೆದು ಹೋದರು. ಆರು ತಿಂಗಳಲ್ಲಿ ಬಾಗಿಲು ಮುಚ್ಚುವುದೆಂದು ಪೀರ್ ಸಾಬ್ ಹೇಳಿಬಿಟ್ಟರು. ಅದೇ ವಾರ ಹಾರೋಹಳ್ಳಿಯ ಒಂದು ಫ್ಯಾಕ್ಟರಿಯ ಗಾಡಿಗಳನ್ನು ನೋಡಿಕೊಳ್ಳುವ ಮಹೇಂದ್ರ, ಹೊಗೆಯುಗುಳುವ ಮೆಟಡೋರ್ ವ್ಯಾನನ್ನು ತಂದು ನಿಲ್ಲಿಸಿದ. ಫ್ಯಾಕ್ಟರಿಗೆ ಒಬ್ಬ ಖಾಯಂ ಮೆಕ್ಯಾನಿಕ್ ಬೇಕು. ಮೇಸ್ತ್ರಿ ಈ ಎಂಜಿನ್ ಕಟ್ಟಿಕೊಡಲಿ, ಸರಿಯಾಗಿ ಓಡಿದರೆ ಕೆಲಸ ಅವನಿಗೆ, ಇಲ್ಲದಿದ್ದರೆ ನಟರಾಜುವಿಗೆ ಎಂದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ.

ಮುಂದಿನ ಭಾನುವಾರ ನಟರಾಜು ಬಸ್ಸು ಹತ್ತಿ ಹಾರೋಹಳ್ಳಿಗೆ ಹೋಗಿ, ಆ ಫ್ಯಾಕ್ಟರಿಯ ಗೇಟನ್ನು ದೂರದಿಂದ ನೋಡಿಕೊಂಡು ಬಂದ. ಒಳಗೆ ಬಿಳಿ ಸುಣ್ಣ ಹೊಡೆದ ಶೆಡ್ಡು ಕಾಣುತ್ತಿತ್ತು. ಅದರ ಗೋಡೆಯ ಮೇಲೆ ಅವನ ಕತೆ ಇರಲಿಲ್ಲ.

ಎಂಜಿನ್ ಕಟ್ಟುವ ದಿನ ಬಂತು. ಲಕ್ಷ್ಮಯ್ಯ ಒಂದೊಂದು ರಿಂಗನ್ನೂ ಸಿಲಿಂಡರಿನೊಳಗೆ ಇಳಿಸಿ, ಅದರ ಎರಡು ತುದಿಗಳ ನಡುವಿನ ಸಂದನ್ನು ಅಳತೆ ಪಟ್ಟಿಯಿಂದ ನೋಡಿದ. ಆಮೇಲೆ ಪಿಸ್ಟನ್ನಿಗೆ ಏರಿಸಿ, ಸಂದುಗಳು ಒಂದರ ಕೆಳಗೊಂದು ಬರದಂತೆ ತಿರುಗಿಸಿದ. ಕೈಗಳು ಈಗಲೂ ಚೆಂದವೇ. ಕೆಟ್ಟಿದ್ದು ಕಣ್ಣು. ರಿಂಗಿನ ತುದಿಯ ಬಳಿ ಒಂದು ಪುಟ್ಟ ಗುರುತಿರುತ್ತದೆ, ಅದು ಮೇಲುಮುಖವಾಗಿ ಕೂರಬೇಕು. ಕೆಳಮುಖವಾದರೆ ರಿಂಗು ಆಯಿಲನ್ನು ಕೆಳಕ್ಕೆ ಬಳಿಯದೆ ಮೇಲಕ್ಕೆಳೆದು ಸುಡುತ್ತದೆ. ಮೇಸ್ತ್ರಿ ವರ್ಷದಿಂದ ಆ ಗುರುತನ್ನು ಹೆಬ್ಬೆರಳಿನ ಉಗುರಿನಿಂದ ತಡವಿ ಹುಡುಕುತ್ತಿದ್ದ. ಯಾರಿಗೂ ತಿಳಿದಿಲ್ಲ ಎಂದುಕೊಂಡಿದ್ದ. ನಟರಾಜುವಿಗೆ ತಿಳಿದಿತ್ತು.

ಮೂರನೇ ಪಿಸ್ಟನ್ನಿನ ಎರಡನೇ ರಿಂಗು. ಉಗುರು ಎರಡು ಸಲ ಸುತ್ತಿತು, ಗುರುತು ಸಿಗಲಿಲ್ಲ. ಲಕ್ಷ್ಮಯ್ಯ ರಿಂಗನ್ನು ಹಿಗ್ಗಿಸಿ ಕೂರಿಸಿದ. ಎದುರಿಗೆ ಆಯಿಲ್ ಡಬ್ಬ ಹಿಡಿದು ನಿಂತಿದ್ದ ನಟರಾಜುವಿಗೆ ಗುರುತು ಕೆಳಗಿರುವುದು ಸ್ಪಷ್ಟವಾಗಿ ಕಂಡಿತು. ಅವನಿಗೆ ಒಳಗೊಳಗೇ ಖುಷಿಯಾಯಿತು.

ಆಗ ಲಕ್ಷ್ಮಯ್ಯ ಹನ್ನೊಂದು ವರ್ಷದಲ್ಲಿ ಮಾಡದ ಒಂದು ಕೆಲಸ ಮಾಡಿದ. ಪಿಸ್ಟನ್ನನ್ನು ಅವನ ಮುಖದ ಹತ್ತಿರ ಹಿಡಿದು, ದನಿ ತಗ್ಗಿಸಿ ಕೇಳಿದ.

"ಒಸಿ ನೋಡ್ಲಾ ನಟರಾಜ. ಸರಿ ಐತಾ?"

ಆ ದನಿಯಲ್ಲಿ ಗತ್ತಿರಲಿಲ್ಲ. ಯಾರಾದರೂ ಕರಗಬಹುದಿತ್ತು. ನಟರಾಜುವಿಗೆ ಕಲ್ಯದವರ ನಗು ನೆನಪಾಯಿತು.

"ಸರಿ ಐತೆ ಮೇಸ್ತ್ರಿ."

ಲಕ್ಷ್ಮಯ್ಯ ನಂಬಿದ. ರಿಂಗುಗಳನ್ನು ಅದುಮಿ ಹಿಡಿಯುವ ತಗಡಿನ ಪಟ್ಟಿ ಸುತ್ತಿ ಬಿಗಿದು, ಸುತ್ತಿಗೆಯ ಹಿಡಿಯಿಂದ ತಟ್ಟಿ ಪಿಸ್ಟನ್ನನ್ನು ಒಳಕ್ಕೆ ಇಳಿಸಿಬಿಟ್ಟ.

ಹದಿನೈದು ದಿನಕ್ಕೆ ವ್ಯಾನು ನೀಲಿ ಹೊಗೆ ಕಾರುತ್ತಾ ವಾಪಸ್ಸು ಬಂತು. ಮಹೇಂದ್ರ ನಿಂತಿದ್ದಂತೆಯೇ ಎಂಜಿನ್ ಬಿಚ್ಚಿದರು. ಮೂರನೇ ಪಿಸ್ಟನ್ ಹೊರಬಂತು, ರಿಂಗೂ ಸಿಕ್ಕಿತು. ಹಾಕಿದ್ದು ಯಾರು ಎಂದು ಮಹೇಂದ್ರ ಕೇಳಿದ. ಮೇಸ್ತ್ರಿ ಸುಳ್ಳು ಹೇಳುತ್ತಾನೆ, ಗೋಡೆಯ ಹಳೇ ರಿಂಗಿನ ಕಡೆ ಕೈ ತೋರಿಸುತ್ತಾನೆ ಎಂದು ನಟರಾಜು ಲೆಕ್ಕ ಹಾಕಿ, ಅದಕ್ಕೆ ಉತ್ತರವನ್ನೂ ಹೊಂದಿಸಿಟ್ಟುಕೊಂಡಿದ್ದ.

ಲಕ್ಷ್ಮಯ್ಯ ಗೋಡೆಯ ಕಡೆ ತಿರುಗಲೂ ಇಲ್ಲ.

"ನಾನೇ ಹಾಕಿದ್ದು ಸಾರ್. ನಂಗೆ ಕಣ್ಣು ಕಾಣಾಕಿಲ್ಲ, ವರ್ಸ ಆಯ್ತು. ಅದುಕ್ಕೇಯ ಇಳ್ಸಕ್ಕೆ ಮುಂಚೆ ಇವುನ್ಗೆ ತೋರ್ಸಿ ಕೇಳ್ದೆ. ಸರಿ ಐತೆ ಅಂದ."

ನಟರಾಜು ಹೊಂದಿಸಿಟ್ಟ ಉತ್ತರ ಇನ್ನು ಕೆಲಸಕ್ಕೆ ಬರುವಂತಿರಲಿಲ್ಲ. ಕಾಣಲಿಲ್ಲ ಎಂದರೆ ಕೆಲಸ ಬಾರದವನಾಗುತ್ತಿದ್ದ, ಕಂಡಿತ್ತು ಎಂದರೆ ಅದಕ್ಕಿಂತ ಕೀಳಾಗುತ್ತಿದ್ದ. ಇಬ್ಬರಲ್ಲಿ ಯಾರೂ ಬೇಡ, ಫ್ಯಾಕ್ಟರಿಗೆ ಬೆಂಗಳೂರಿನಿಂದಲೇ ಜನ ತರಿಸಿಕೊಳ್ಳುತ್ತೇವೆ ಎಂದು ಹೇಳಿ, ಮಹೇಂದ್ರ ವ್ಯಾನನ್ನು ಎಳೆಸಿಕೊಂಡು ಹೋದ. ಪೀರ್ ಸಾಬ್ ಒಳಗೆ ಹೋದರು.

ಲಕ್ಷ್ಮಯ್ಯ ಆ ರಿಂಗನ್ನು ಚಿಂದಿ ಬಟ್ಟೆಯಲ್ಲಿ ಒರೆಸಿಕೊಂಡು ಎದ್ದ. ಕ್ಯಾಲೆಂಡರಿನವರೆಗೆ ನಡೆದು, ಮೊಳೆಗಾಗಿ ಗೋಡೆ ತಡವಿದ. ಕೈ ಒಂದು ಗೇಣು ಪಕ್ಕದಲ್ಲೇ ಸುತ್ತುತ್ತಿತ್ತು. ಈ ಸಲವಾದರೂ ಮೊಳೆಗೆ ಮೇಸ್ತ್ರಿಯ ರಿಂಗು ಬೀಳುತ್ತದಲ್ಲ ಎಂದು ನಟರಾಜು ಹಲ್ಲು ಕಚ್ಚಿ ನೋಡುತ್ತಿದ್ದ. ಅಷ್ಟೊಂದು ನಷ್ಟದಲ್ಲಿ ಅದೊಂದೇ ಅವನಿಗೆ ಉಳಿದ ಲಾಭ.

ತಡವಿ ಸಾಕಾಗಿ ಲಕ್ಷ್ಮಯ್ಯ ತಿರುಗಿ ರಿಂಗನ್ನು ಚಾಚಿದ.

"ತಕಾ, ನೀನೇ ಹಾಕು. ಇದೂ ನಿಂದೇ ಕಣ್ಲಾ."

ನಟರಾಜು ಅದನ್ನು ಇಸಿದುಕೊಂಡ. ಹನ್ನೊಂದು ವರ್ಷದಿಂದ ನೋಡಿ ನೋಡಿ ಪರಿಚಯವಾಗಿದ್ದ ಮೊಳೆ, ಕೈ ತಾನಾಗಿಯೇ ಹೋಯಿತು. ಹಳೇ ರಿಂಗಿನ ಮೇಲೆ ಹೊಸದನ್ನು ಹಾಕಿ, ಕೆಳಗೆ ಕೂತು ಪಾನಾಗಳನ್ನು ಎತ್ತಿಡತೊಡಗಿದ.