ಮೊರದ ಹಿಂದಿನ ಕರೆ

ಹಿತ್ತಿಲು, ಅಟ್ಟ, ಕೊಟ್ಟಿಗೆಯ ಮೂಲೆ, ಎಲ್ಲಿ ತಡಕಾಡಿದರೂ ಚಿಕ್ಕಣ್ಣನ ಕೈಗೆ ಮಂಕರಿ ಬುಟ್ಟಿ ಸಿಗಲಿಲ್ಲ. ಹೆಂಡತಿ ಮೀನಾಕ್ಷಮ್ಮನ ಹೆಣ ಆಗಲೇ ಚಟ್ಟ ಏರಿತ್ತು. ತಮಟೆಯವರು ಹೊರಡುವ ಅವಸರದಲ್ಲಿದ್ದರು. ಪ್ರಾಣ ಹೋದ ಜಾಗದಲ್ಲಿ ದೀಪ ಹಚ್ಚಿ, ಸುತ್ತ ಹಿಟ್ಟು ಹರವಿ, ಮಂಕರಿ ಕವುಚಿ ಹೋಗಬೇಕು. ಮಣ್ಣು ಮಾಡಿ ಬಂದು ಎತ್ತಿ ನೋಡಿದರೆ ಹೋದವರು ಹಿಟ್ಟಿನಲ್ಲಿ ಗುರುತು ಬಿಟ್ಟಿರುತ್ತಾರೆ ಎಂಬುದು ಆ ಮನೆಯವರ ನಂಬಿಕೆ.

ನಡುಮನೆಯ ನೆಲ ತೊಳೆದ ಒದ್ದೆ ಇನ್ನೂ ಆರಿರಲಿಲ್ಲ. ಪಾಪ, ಆ ಅಳುವಿನಲ್ಲಿ ಮುದುಕನಿಗೆ ಏನು ತೋಚೀತು? ಕೈಗೆ ಸಿಕ್ಕಿದ ಅಗಲವಾದ ತಟ್ಟೆಗೇ ರಾಗಿಹಿಟ್ಟು ಹರವಿದ, ನಡುವೆ ಹಣತೆ ಇಟ್ಟ, ಮಂಕರಿಯ ಬದಲು ಮೊಳೆಯಲ್ಲಿದ್ದ ಮೊರ ತೆಗೆದು ತಟ್ಟೆ ಮರೆಯಾಗುವಂತೆ ಗೋಡೆಗೆ ಒರಗಿಸಿದ.

ಸೊಸೆ ವೀಣ ಒಂದು ಹೆಜ್ಜೆ ಮುಂದೆ ಬಂದಳು. "ಮಾವ, ಆ ತಟ್ಟೆ..." ಎಂದಳು.

"ಯಾವ್ದಾದ್ರೇನವ್ವ, ಒತ್ತಾಯ್ತು. ನಿಮ್ಮತ್ತೇನ ಕಾಯಿಸ್ಬಾರ್ದು," ಎಂದು ಚಿಕ್ಕಣ್ಣ ಹೊರಟೇಬಿಟ್ಟ.

ತಮಟೆಯ ಸದ್ದು ನಾಲೆಯ ಕಡೆಗೆ ಸಾಗಿತು. ಮನೆಯಲ್ಲಿ ಉಳಿದವರು ವೀಣ, ಅವಳ ಮಗಳು ದೀಪಿಕ, ಜೊತೆಗಿರಲು ಬಂದ ಪಕ್ಕದ ಮನೆಯ ಹೊಂಬಾಳಮ್ಮ.

"ನೋಡ್ದೇನವ್ವ, ಎಗ್ಲು ಕೊಟ್ಟೋರೆಲ್ಲ ಅವ್ಳು ಅಂಗನವಾಡೀಲಿ ಸಾಕ್ದೋರೇ," ಎಂದು ಹೊಂಬಾಳಮ್ಮ ಕಣ್ಣೊರೆಸಿಕೊಂಡಳು. "ಆ ಸಿದ್ದರಾಮು ಅವ್ಳ ಸೆರಗಲ್ಲೇ ಮೂಗ್ ಒರೆಸ್ಕೊಂಡು ಬೆಳ್ದೋನು. ಯಾವ ಮಗೀನೂ ಬುಡ್ಲಿಲ್ಲ ಕಣಮ್ಮ, ಎಲ್ರ ಬಾಯಲ್ಲೂ ಅಕ್ಷರ ಆಡಿಸ್ಬುಟ್ಲು."

ಎಲ್ಲರ ಬಾಯಲ್ಲೂ ಅಲ್ಲ. ವೀಣ ಮಡಿಲಲ್ಲಿದ್ದ ಮಗಳನ್ನು ನೋಡಿದಳು. ನಾಲ್ಕು ತುಂಬಿದರೂ ದೀಪಿಕ ಇನ್ನೂ ಅಮ್ಮಾ ಎಂದವಳಲ್ಲ. ಮಂಡ್ಯದ ಡಾಕ್ಟರು, ಕಿವಿ ಚೆನ್ನಾಗಿದೆ, ಗಂಟಲೂ ಚೆನ್ನಾಗಿದೆ, ಕಾಯಿರಿ ಎಂದಿದ್ದರು. ಕಾದು ಕಾದು ವೀಣಳಿಗೆ ಸಾಕಾಗಿ ಹೋಗಿತ್ತು. ಪಟ್ಟು ಬಿಡದೆ ಕಾದವಳು ಅತ್ತೆ ಒಬ್ಬಳೇ, ಈಗ ಅವಳೂ ಹೋದಳು.

*

ಮೀನಾಕ್ಷಮ್ಮನ ಅಂಗನವಾಡಿಯಲ್ಲಿ ಪಾಠ ಶುರುವಾಗುತ್ತಿದ್ದುದೇ ಆ ತಟ್ಟೆ, ಆ ಮೊರದಿಂದ. ತಟ್ಟೆಯಲ್ಲಿ ರಾಗಿಹಿಟ್ಟು ಹರವಿ ಅಕ್ಷರದ ಅರ್ಧ ಗೆರೆ ತಾನು ಎಳೆಯುವಳು, ಉಳಿದರ್ಧ ಮಗುವಿನ ಬೆರಳಿಗೆ ಬಿಡುವಳು. ಆಮೇಲೆ ಮೊರವನ್ನು ಮುಖಕ್ಕೆ ಅಡ್ಡ ಹಿಡಿದು ಒಂದು ಹೆಸರಿನ ಮೊದಲ ಸದ್ದನ್ನಷ್ಟೇ ಕೂಗುವಳು. "ಕು..." ಎಂದರೆ ಕುಸುಮ ಕೂತಲ್ಲಿಂದಲೇ "ಸುಮಾ!" ಎನ್ನಬೇಕು. ಎಂದ ಕೂಡಲೇ ಮೊರ ಧೊಪ್ಪನೆ ಕೆಳಕ್ಕೆ, ಹಿಂದೆ ಮಿಸ್ಸಿನ ನಗುಮುಖ! ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು.

ಮೊಮ್ಮಗಳು ಮಾತ್ರ ಸದ್ದಿಲ್ಲದೆ ಎದ್ದು ಬಂದು ಮೊರದ ಮುಂದೆ ನಿಲ್ಲುತ್ತಿದ್ದಳು. ಮೊರ ಇಳಿಯುತ್ತಿರಲಿಲ್ಲ.

"ಬಾಯಲ್ಲಿ ಬಾ ನನ್ ಕಂದ, ಕಾಲಲ್ಲಿ ಬರ್ಬೇಡ," ಎನ್ನುವಳು ಅಜ್ಜಿ ಹಿಂದಿನಿಂದ. ಮತ್ತೆ, "ದೀ..."

ಒಮ್ಮೆ ಮಗಳನ್ನು ಕರೆದೊಯ್ಯಲು ಬಂದ ವೀಣಳಿಗೆ ನೋಡಲಾಗಲಿಲ್ಲ. "ಸಾಕು ಬುಡಿ ಅತ್ತೆ. ಅವ್ಳ ಕೈಲಿ ಆಗಲ್ಲ."

"ಆಯ್ತದೆ. ಅವ್ಳು ಅನ್ನೋಗಂಟ ನಾನು ಕರ್ಯೋದ ಬುಡಕಿಲ್ಲ ಕಣಮ್ಮ," ಎಂದಿತ್ತು ಮೊರದ ಹಿಂದಿನ ದನಿ.

*

ನಾಲೆಯ ಕಡೆ ತಮಟೆ ನಿಂತಿತು. ಹೆಣ ಗುಂಡಿಗೆ ಇಳಿಯುತ್ತಿರಬೇಕು.

ದೀಪಿಕ ಮಡಿಲಿನಿಂದ ಜಾರಿ ಎದ್ದು ನಿಂತಳು. ಮೊರದ ಕಡೆ ಕತ್ತು ಓರೆ ಮಾಡಿ ಆಲಿಸಿದಳು. ಮೊರದ ಸಂದುಗಳಲ್ಲಿ ಹಣತೆಯ ಬೆಳಕು ಕಾಣುತ್ತಿತ್ತು. ಕಿಟಕಿ ಬಾಗಿಲೆಲ್ಲ ಹಾಕಿತ್ತು, ಒಂದು ಚೂರು ಗಾಳಿಯಿಲ್ಲ. ಆದರೂ ಯಾರೋ ಹತ್ತಿರ ಬಾಯಿಟ್ಟು ಉಸಿರು ಬಿಟ್ಟಂತೆ ದೀಪದ ಕುಡಿ ಬಾಗಿತು, ನೆಟ್ಟಗಾಯಿತು, ಮತ್ತೆ ಬಾಗಿತು. ಅದು ಬಾಗಿದಾಗಲೆಲ್ಲ ಮಗುವಿನ ಕಣ್ಣು ಅರಳುತ್ತಿತ್ತು.

"ಏನ್ ಕೇಳ್ತಾ ಅದೆ ಮಗ?" ಹೊಂಬಾಳಮ್ಮನ ದನಿ ಸಣ್ಣದಾಯಿತು.

"ದೊಡ್ಡವ್ವ, ಅದು ಅತ್ತೆ ಪಾಠದ ತಟ್ಟೆ. ಮೊರಾನೂ ಅದೇ."

"ಅಯ್ಯೋ, ಈ ಚಿಕ್ಕಣ್ಣನ್ ಮನೆ ಕಾಯೋಗ! ಪಾಠಕ್ಕೇ ಕರ್ದು ಕೂರ್ಸ್‌ದಂಗಾಯ್ತಲ್ಲ! ಮಗೀನ್ ಬಾಯ್ ಮುಚ್ಚಮ್ಮಿ! ಸತ್ತೋರು ಕೂಗ್ದಾಗ ಓ ಅಂದ್ರೆ ಜೊತೇಲೇ ಕರ್ಕೊಂಡ್ ಓಯ್ತಾರೆ!"

ವೀಣ ಹಾರಿ ಹೋಗಿ ಮಗಳನ್ನು ತಬ್ಬಿ ಬಾಯಿಗೆ ಅಂಗೈ ಒತ್ತಿದಳು. ಮಗು ನಿಲ್ಲಲಿಲ್ಲ. ಎಲ್ಲಿತ್ತೋ ಅಷ್ಟು ಬಲ, ತಾಯಿಯನ್ನೂ ಎಳೆದುಕೊಂಡು ಮೊರದ ಕಡೆ ಹೆಜ್ಜೆ ಇಟ್ಟಿತು. ಕುಡಿ ಬಾಗಿತು. ಮತ್ತೊಂದು ಹೆಜ್ಜೆ.

ಅಂಗೈಯೊಳಗೆ ಪುಟ್ಟ ತುಟಿಗಳು ಕೂಡಿ, ಬಿಡುತ್ತಿದ್ದವು. ಆ ಬಾಯಿಂದ ಒಂದು ಸದ್ದು ಬರಲೆಂದು ವೀಣ ಹೊರದ ಹರಕೆಯಿಲ್ಲ. ಇವತ್ತು ಅದೇ ಸದ್ದನ್ನು ತನ್ನ ಕೈಯಿಂದಲೇ ಅಮುಕುತ್ತಿದ್ದಳು. ಅವಳಿಗೆ ಅಳು ಬಂತು, ಭಯವೂ ಆಯಿತು. ಬಿಟ್ಟರೆ ಮಗು ಓಗೊಡುತ್ತದೆ. ಹಿಡಿದರೆ ಹೀಗೇ ಸದ್ದಿಲ್ಲದೆ ನಡೆದು ಹೋಗುತ್ತದೆ. ಅತ್ತೆಯಂತೂ ಕರೆಯುವುದನ್ನು ನಿಲ್ಲಿಸುವವಳಲ್ಲ.

ಬಾಯಲ್ಲಿ ಬಾ, ಕಾಲಲ್ಲಿ ಬರಬೇಡ.

"ಕೈ ತೆಗೀಬ್ಯಾಡ ಕಣೇ!" ಹೊಂಬಾಳಮ್ಮ ಚೀರಿದಳು.

ವೀಣ ಮಗಳ ಸೊಂಟವನ್ನು ಬಿಗಿಯಾಗಿ ಹಿಡಿದು, ಬಾಯಿಯ ಮೇಲಿನ ಕೈ ತೆಗೆದಳು. "ಅನ್ನು ಚಿನ್ನ," ಎಂದಳು. "ಇಲ್ಲೇ ನಿಂತ್ಕೊಂಡು ಅನ್ನು."

ಕುಡಿ ಬಾಗಿತು.

"ಪಿಕ," ಎಂದಿತು ಮಗು.

ಗೋಡೆಗೆ ಒರಗಿಸಿದ್ದ ಮೊರ ಗೋಡೆ ಬಿಟ್ಟು ಮುಂದಕ್ಕೆ ಧೊಪ್ಪನೆ ಬಿತ್ತು. ಹೊಂಬಾಳಮ್ಮ ಎರಡೂ ಕಿವಿ ಮುಚ್ಚಿಕೊಂಡಳು.

ಹಿಂದೆ ಯಾರೂ ಇರಲಿಲ್ಲ. ಹಣತೆ ಈಗ ಅಲುಗದೆ ನೆಟ್ಟಗೆ ಉರಿಯುತ್ತಿತ್ತು. ಚಿಕ್ಕಣ್ಣ ನುಣ್ಣಗೆ ಹರವಿ ಹೋಗಿದ್ದ ಹಿಟ್ಟಿನಲ್ಲಿ, ಬೆರಳಿನಗಲದ ಒಂದು ಗೆರೆ ಬಾಗಿ ಬಂದು ಅರ್ಧಕ್ಕೆ ನಿಂತಿತ್ತು. ದೀಪಿಕ ತಾಯಿಯ ತೋಳಿನಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತಳು. ಗೆರೆ ನಿಂತ ಜಾಗದಲ್ಲಿ ಬೆರಳಿಟ್ಟು, ಉಳಿದರ್ಧವನ್ನು ಎಳೆಯತೊಡಗಿದಳು.