ವಾರ್ತೆಯ ಮೇಜು ಮಾರಿದ್ದು

ಆ ಊರಿನ ಮೊದಲ ಟಿ.ವಿ. ಕೇಂದ್ರ ಹುಟ್ಟಿದ್ದು ಮೇಜು ಕುರ್ಚಿ ಮಾರುವ ಅಂಗಡಿಯ ಮಹಡಿಯಲ್ಲಿ. ಅಂಗಡಿಯವನು ಆಸೆಬಿದ್ದು ಇಪ್ಪತ್ತು ಟಿ.ವಿ. ಸೆಟ್ಟುಗಳನ್ನೂ ತರಿಸಿಟ್ಟಿದ್ದ. ದೂರದ ನಗರದ ಪ್ರಸಾರ ಗುಡ್ಡ ದಾಟಿ ಬರುತ್ತಿರಲಿಲ್ಲ. ಪರದೆಯ ಮೇಲೆ ಬರೀ ಚುಕ್ಕೆಗಳ ಕುಣಿತ. ನೋಡಲು ಏನೂ ಇಲ್ಲದ ಮೇಲೆ ಕೊಳ್ಳುವವರು ಯಾರು? ಕೊನೆಗೆ ಅವನೇ ಪರವಾನಗಿ ತಂದು, ತಾರಸಿಯಲ್ಲಿ ಕಂಬ ನಿಲ್ಲಿಸಿ, ಪ್ರಸಾರ ಶುರುಮಾಡಿಬಿಟ್ಟ.

ಕ್ಯಾಮೆರಾ ಹಿಡಿಯಲು ಎದುರು ಬೀದಿಯ ಫೋಟೋಗ್ರಾಫರ್ ಬಂದ. ವಾರ್ತೆ ಓದಲು ಅಂಗಡಿಯವನು ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ತನ್ನ ಒಡಹುಟ್ಟಿದ ತಂಗಿಯನ್ನೇ ಹಿಡಿದ.

"ವಾರ್ತೆ ಓದೋದು ನಂಗೇನು ಗೊತ್ತಣ್ಣ?"

"ನಲವತ್ತು ಮಕ್ಕಳನ್ನ ಸುಮ್ಮನೆ ಕೂರಿಸ್ತೀಯ. ಊರು ಯಾವ ಲೆಕ್ಕ?"

ಅವಳ ಮುಂದಿನ ಮೇಜು, ಹಿಂದಿನ ಕಪಾಟು ಎಲ್ಲವೂ ಕೆಳಗಿನ ಅಂಗಡಿಯವೇ. ಮೂರನೆಯ ವಾರದ ಹೊತ್ತಿಗೆ ನಾಲ್ಕಾರು ಸೆಟ್ಟು ಮಾರಾಟವಾಗಿ, ಆ ಮನೆಗಳಲ್ಲೇ ಊರೆಲ್ಲ ಸೇರುತ್ತಿತ್ತು. ಒಂದು ದಿನ ವಾರ್ತೆ ನಡೆಯುತ್ತಿರುವಾಗಲೇ ಹಲ್ಲಿನ ಡಾಕ್ಟರು ಅಂಗಡಿಗೆ ಬಂದರು. ಅಲ್ಲಿದ್ದ ಟಿ.ವಿ.ಯತ್ತ ಬೆರಳು ಮಾಡಿ, "ನಂಗೆ ಆ ಮೇಜೇ ಬೇಕು" ಎಂದರು.

"ಹತ್ತು ನಿಮಿಷ ಕೂತ್ಕೊಳಿ ಸಾರ್, ವಾರ್ತೆ ಮುಗೀಲಿ."

"ಹೊರಗೆ ಗಾಡಿ ನಿಂತಿದೆ. ಕೊಡೋದಾದ್ರೆ ಈಗ ಕೊಡಿ."

ಅಂಗಡಿಯವನಿಗೆ ಅತ್ತ ದರಿ, ಇತ್ತ ಪುಲಿ. ಕಡೆಗೆ ವ್ಯಾಪಾರವೇ ಗೆದ್ದಿತು. ಇಬ್ಬರೂ ಬಗ್ಗಿಕೊಂಡು ಮಹಡಿಯ ಕೋಣೆ ಹೊಕ್ಕರು. ಹಲ್ಲು ಕಿತ್ತು ಪಳಗಿದ ಡಾಕ್ಟರು ಒಂದೇ ಎಳೆತಕ್ಕೆ ಮೇಜನ್ನು ಈಚೆಗೆ ತಂದರು. ಹೇಗಿದ್ದರೂ ಕಾಣುವುದಿಲ್ಲವೆಂದು ತಂಗಿ ಹಾಕಿಕೊಂಡಿದ್ದ ಬಚ್ಚಲಮನೆಯ ಚಪ್ಪಲಿ ಊರಿಗೆಲ್ಲ ಕಂಡಿತು.

ಅವಳು ಕಾಗದಗಳನ್ನು ತೊಡೆಯ ಮೇಲಿಟ್ಟುಕೊಂಡು ನೇರ ಕ್ಯಾಮೆರಾ ನೋಡಿದಳು. "ಈಗಷ್ಟೇ ಬಂದ ಸುದ್ದಿ. ನಮ್ಮ ಮೇಜು ಮಾರಾಟವಾಗಿದೆ. ಇನ್ನು ನೀರು ಸರಬರಾಜಿನ ವಿಷಯ."

ಎರಡು ದಿನ ಅಣ್ಣನ ಜೊತೆ ಮಾತಿಲ್ಲ. ಅಂಗಡಿಯ ಫೋನಿಗೆ ಮಾತ್ರ ಬಿಡುವಿಲ್ಲ: ಆ ಕಪಾಟು ಇನ್ನೂ ಇದೆಯಾ? ಇವತ್ತು ಏನು ಹೋಗುತ್ತೆ? ಅದನ್ನು ನೋಡಲೆಂದೇ ಜನ ಸೆಟ್ಟು ಕೊಂಡರು. ಇಪ್ಪತ್ತೂ ಖರ್ಚಾಗಿ, ಇನ್ನಷ್ಟು ತರಿಸಬೇಕಾಯಿತು.

ಮೂರನೆಯ ದಿನ ತಂಗಿ ಬಾಯಿಬಿಟ್ಟಳು. "ಏನು ಬೇಕಾದ್ರೂ ಮಾರ್ಕೋ. ನಾನು ಕೂತಿರೋ ಕುರ್ಚಿ ಮುಟ್ಟಿದ್ರೆ ಗ್ರಹಚಾರ ಬಿಡಿಸ್ತೀನಿ." ಅವನು ತಲೆಯಾಡಿಸಿದ.

ಎಂಟು ವರ್ಷದ ಮೇಲೆ ನಗರದ ದೊಡ್ಡ ಕಂಪನಿ ಕೇಂದ್ರವನ್ನು ಕೊಂಡಿತು. ಹೊಸ ಕಟ್ಟಡ, ನೆಲಕ್ಕೆ ಬೋಲ್ಟು ಹಾಕಿ ಬಿಗಿದ ಗಾಜಿನ ಮೇಜು. ವಾರ್ತೆಗೆ ತಂಗಿಯೇ ಬೇಕೆಂದು ಅವರು ಕೈಮುಗಿದು ಕರೆದೊಯ್ದರು. ಅವಳು ಒಂದು ವಾರ ಓದಿ, ಸೀದಾ ಶಾಲೆಗೆ ವಾಪಸಾದಳು.

"ಯಾಕೆ ಟೀಚರ್, ಬಿಟ್ಟುಬಿಟ್ರಾ?" ಎಂದು ಫೋಟೋಗ್ರಾಫರ್ ಕೇಳಿದ.

"ಅಲ್ಲಿ ಯಾವುದೂ ಅಲ್ಲಾಡಲ್ಲ ಕಣಪ್ಪ," ಎಂದಳು. "ಓದ್ತಾ ಓದ್ತಾ ನಂಗೇ ನಿದ್ದೆ ಬರ್ತಿತ್ತು."